ಯಾವಾಗಲೂ ಒಂದೇ ಕಮ್ಮಿ

ಚೋಟು ಮಾತಿಲ್ಲದೆ ಕಾಲುಚೀಲಗಳ ಜೋಡಿ ಹುಡುಕುತ್ತಿದ್ದಳು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಕ್ಕನಿಗೆ ಕೆಲಸ. ಸ್ಕೂಲು ಬಿಟ್ಟ ಮೇಲೆ ಚೋಟು ಅಲ್ಲಿಗೇ ಬರುತ್ತಿದ್ದಳು.

“ಏನೇ, ಇವತ್ತು ಬಾಯಿಗೆ ಬೀಗ?” ಅಕ್ಕ ಕೇಳಿದಳು.

“ನಾಳೆ ನಾನು ಸ್ಕೂಲಿಗೆ ಹೋಗಲ್ಲ. ನನ್ನ ರೋಲ್ ನಂಬರ್ ಎಂಟು. ಅದಕ್ಕೆ.”

“ಪಾಪ, ಎಂಟು ನಿನಗೇನು ಮಾಡ್ತು?”

“ನಗಬೇಡ! ಇವತ್ತು ಮಿಸ್ ಹೇಳಿಕೊಟ್ರು. ಒಂದು ನಂಬರನ್ನ ಶೇಷ ಇಲ್ದೆ ಭಾಗಿಸೋ, ಅದಕ್ಕಿಂತ ಚಿಕ್ಕ ನಂಬರುಗಳನ್ನೆಲ್ಲ ಕೂಡಬೇಕು. ಆರಕ್ಕೆ ಒಂದು, ಎರಡು, ಮೂರು. ಕೂಡಿದ್ರೆ ಆರೇ. ಅದು ಪೂರ್ಣ. ಹನ್ನೆರಡಕ್ಕೆ ಹದಿನಾರು ಬರುತ್ತೆ, ಅದು ಸಮೃದ್ಧ. ಎಂಟಕ್ಕೆ ಒಂದು, ಎರಡು, ನಾಲ್ಕು. ಬರೀ ಏಳು! ಕೊರತೆ ನಂಬರ್. ನಾಳೆ ಮಿಸ್ ರೋಲ್ ನಂಬರ್ ನೋಡಿ ಎಲ್ರನ್ನೂ ಗುಂಪು ಮಾಡಿ ನಿಲ್ಲಿಸ್ತಾರೆ. ಆ ಹನ್ನೆರಡನೇ ನಂಬರಿನವನು ಇವತ್ತೇ ‘ಕೊರತೆ ಚೋಟು’ ಅಂತ ಕೂಗ್ತಿದ್ದ.”

“ಕೊರತೆ ನಿನ್ನೊಬ್ಬಳಿಗೇನಾ?”

“ಬೇಕಾದಷ್ಟು ಜನ ಇದ್ದಾರೆ. ಆದ್ರೆ ಕ್ಲಾಸಲ್ಲಿ ಕುಳ್ಳಿ ನಾನೇ ತಾನೆ? ಅದಕ್ಕೇ ನನ್ನನ್ನೇ ಹಾಗೆ ಕೂಗೋದು.”

ಅಕ್ಕ ಒಂದು ಬೆಡ್‌ಶೀಟ್ ಎತ್ತಿಕೊಂಡಳು. “ಬಾ, ಆ ಕಡೆ ಹಿಡಿ.”

ಮಡಿಚಿದರು. ಎರಡು ಪದರ. ಮತ್ತೆ ಮಡಿಚಿದರೆ ನಾಲ್ಕು. ಇನ್ನೊಮ್ಮೆ ಮಡಿಚಿದರೆ ಎಂಟು.

“ತಗೋ ನಿನ್ನ ಎಂಟು. ಏನೂ ಕೊರತೆ ಕಾಣ್ತಿಲ್ಲಪ್ಪ.”

ಚೋಟು ಬೆರಳು ಮಡಿಚುತ್ತಿದ್ದಳು. “ಇರು, ನಾಲ್ಕಕ್ಕೆ ಒಂದು, ಎರಡು... ಮೂರು! ಅದಕ್ಕೂ ಒಂದು ಕಮ್ಮಿ. ಇನ್ನೊಂದ್ಸಲ ಮಡಿಚು!”

ಹದಿನಾರು. ಕೂಡಿದರೆ ಹದಿನೈದು.

“ಅಕ್ಕಾ, ಇನ್ನೂ ಒಂದ್ಸಲ!”

“ಇದೇನು ಬೆಡ್‌ಶೀಟೋ, ದಿಂಬೋ?” ಅಕ್ಕ ಮೊಣಕಾಲೂರಿ ಒತ್ತಿದಳು. ಮೂವತ್ತೆರಡು.

“ಮೂವತ್ತೊಂದು!” ಚೋಟು ಕುಣಿದಳು. “ಹೀಗೇ ಮಡಿಚ್ತಾ ಹೋದ್ರೆ ಯಾವಾಗ್ಲೂ ಒಂದೇ ಕಮ್ಮಿ! ಇದನ್ನ ಮಿಸ್ ಹೇಳೇ ಇಲ್ಲ. ನಾಳೆ ನಾನೇ ಹೇಳ್ತೀನಿ.”

“ಸ್ಕೂಲಿಗೆ ಹೋಗಲ್ಲ ಅಂದೆ?”

“ಯಾರು ಅಂದಿದ್ದು?”

“ಸರಿ ಸರಿ. ಹೋಂವರ್ಕ್ ಮಾಡು, ಹೋಗು.”

ಚೋಟು ಪುಸ್ತಕ ತೆರೆದಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು.

ಅಕ್ಕ ಇನ್ನೊಂದು ಶೀಟು ತೆಗೆದಿದ್ದಳು. ಆ ಕಡೆ ಹಿಡಿಯಲು ಯಾರೂ ಇಲ್ಲ. ನಡುಭಾಗವನ್ನು ಗದ್ದದಡಿ ಒತ್ತಿಕೊಂಡು, ಎರಡೂ ಕೈ ಅಗಲಿಸಿ, ಮೂಲೆಗಳನ್ನು ಕೂಡಿಸುತ್ತಿದ್ದಳು. ಶೀಟು ಜಾರಿತು. ಬಗ್ಗಿ ಎತ್ತಿ, ಮತ್ತೆ ಗದ್ದದಡಿ ಸಿಕ್ಕಿಸಿಕೊಂಡಳು. ಬುಟ್ಟಿಯಲ್ಲಿ ಇನ್ನೂ ರಾಶಿ ಇತ್ತು.

ದಿನವೂ ರಾಶಿ ಇರುತ್ತಿತ್ತು. ಚೋಟು ಓದುತ್ತಾ ಕೂತಾಗ ಅಕ್ಕ ಒಂದು ದಿನವೂ ‘ಬಾ, ಹಿಡಿ’ ಎಂದು ಕರೆದವಳಲ್ಲ. ಇವತ್ತು ಕರೆದದ್ದು ಶೀಟಿಗಾಗಿ ಅಲ್ಲ.

ಚೋಟು ಎದ್ದು ಅಕ್ಕನ ಎದುರು ಹೋಗಿ ನಿಂತಳು.

“ಅಕ್ಕಾ, ಒಂದು ತುದಿ ನನಗೆ ಕೊಡು.”

ಬಾಯಿ ತೆರೆದರೆ ಶೀಟು ಜಾರುತ್ತಿತ್ತು. ಅಕ್ಕ ಕೈಯಲ್ಲಿದ್ದ ಒಂದು ಮೂಲೆಯನ್ನು ಚೋಟುವಿನತ್ತ ಚಾಚಿದಳು.