ಕೇತನ ಕರಿಗಾಜು

ಅದೊಂದು ಕಾಲ. ಆಗ ಬಿಸಿಲಾಪುರ ಅನ್ನೋ ಒಂದು ರಾಜ್ಯವಿತ್ತು. ಎಲ್ಲಿತ್ತು ಅಂತ ಕೇಳಬೇಡಿ, ಇತ್ತು ಅಂದರೆ ಇತ್ತು. ಆ ರಾಜ್ಯಕ್ಕೆ ಕರಿಮೊಗ ಎಂಬ ಮಂತ್ರವಾದಿಯ ಕಾಟ. ಅವನು ಎಲ್ಲಿ ಅಡಗಿ ಕೂತಿದ್ದ ಗೊತ್ತೇ? ಸೂರ್ಯನೊಳಗೆ! ಅಲ್ಲಿಗೆ ಯಾರು ತಾನೇ ಕಣ್ಣಿಟ್ಟು ನೋಡಿಯಾರು? ಅಲ್ಲಿಂದಲೇ ದಿನಕ್ಕೊಬ್ಬರ ಮೇಲೆ ತನ್ನ ನೆರಳು ಬೀಳಿಸುತ್ತಿದ್ದ. ನೆರಳು ಬಿದ್ದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಅವನ ಮುಖವನ್ನು ಒಬ್ಬರಾದರೂ ನೋಡಿ "ಕಂಡೆ" ಅಂದುಬಿಟ್ಟರೆ ಅವನ ಕತೆ ಮುಗಿಯಿತು. ಅವನು ಕಸಿದದ್ದೆಲ್ಲ ಕಳೆದುಕೊಂಡವರಿಗೇ ವಾಪಸ್ ಬರುತ್ತಿತ್ತು.

ರಾಜ, ಗಾಜಿನ ಕೆಲಸ ಮಾಡುವ ಕೇತನನ್ನು ಕರೆಸಿದ. "ಸೂರ್ಯನನ್ನು ನೋಡುವ ದುರ್ಬೀನು ಮಾಡಿಕೊಡಪ್ಪ" ಅಂದ. ಕೇತ ಮಾಡಿದ. ಅರಮನೆಯ ಅಂಗಳದಲ್ಲಿ ಊರೆಲ್ಲ ಸೇರಿತು. ಕೇತನನ್ನು ಸಾಕಿ ಬೆಳೆಸಿದ ಅಕ್ಕ ನಾಗಲೆ ಮುಂದೆ ಬಂದು ದುರ್ಬೀನಿಗೆ ಕಣ್ಣಿಟ್ಟಳು. ಚಟ್ ಎಂದು, ಬಿಸಿಲು ತಡೆಯಲು ಅದಕ್ಕೆ ಕಟ್ಟಿದ್ದ ಕರಿಗಾಜು ಸಿಡಿಯಿತು. ನಾಗಲೆಯ ಬಲಗಣ್ಣು ಹೋಯಿತು.

"ಅಯ್ಯೋ, ಕರಿಮೊಗನೇ ಗಾಜು ಒಡೆದ! ಕಣ್ಣು ಕಿತ್ತುಕೊಂಡ!" ಅಂತ ಊರು ಬಾಯಿ ಬಡಿದುಕೊಂಡಿತು. ಕೇತ ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ. ತಲೆ ತಗ್ಗಿಸಿ ಕೂತ. ಪಾಪ, ಅಕ್ಕನ ದುಃಖ ಅಂತ ನೆರೆಮನೆಯವರು ಪಾಯಸ ತಂದುಕೊಟ್ಟರು. ದುಃಖವಲ್ಲ ರೀ ಅದು, ನಾಚಿಕೆ! ಆದರೂ ಪಾಯಸ ತಿಂದ, ನೋಡಿ.

"ಅಳಬೇಡ ಕಣೋ," ಅಂದಳು ನಾಗಲೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. "ಕರಿಮೊಗ ಬಿದ್ದ ದಿನ ನನ್ನ ಕಣ್ಣೂ ಬರುತ್ತಲ್ಲ."

ಆ ಮಾತು ಕೇಳಿದ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ದೊಡ್ಡ ಕರಿಗಾಜು ಸಿಗುವುದು ಹೊಗೆಬೆಟ್ಟದ ಗುಹೆಯಲ್ಲಿ ಮಾತ್ರ. ಅತ್ತ ಹೊರಟೇಬಿಟ್ಟ.

ಗುಹೆಯ ಮೊದಲ ಬಾಗಿಲಲ್ಲಿ ಮಾತಾಡುವ ಕರಡಿ ಕೂತಿತ್ತು. "ಯಾಕೋ ಬಂದೆ?"

"ನಮ್ಮ ಗಾಜನ್ನು ಕರಿಮೊಗ ಒಡೆದ. ಬೇರೆ ಬೇಕು."

ಕರಡಿ ಮೂಗು ಅರಳಿಸಿತು. "ಸುಳ್ಳಿನ ವಾಸನೆ. ಸರಿಯಾಗಿ ಹೇಳು."

ಕೇತ ನೆಲ ನೋಡಿದ. "ಕರಿಮೊಗ ಒಡೆಯಲಿಲ್ಲ. ಕರಿಗಾಜನ್ನು ದುರ್ಬೀನಿನ ದೊಡ್ಡ ಬಾಯಿಗೆ, ಸೂರ್ಯನ ಕಡೆಗೆ ಕಟ್ಟಬೇಕು. ನಾನು ಕಣ್ಣಿಡುವ ತುದಿಗೆ ಕಟ್ಟಿದೆ. ಬಿಸಿಲೆಲ್ಲ ಅಲ್ಲಿ ಒಟ್ಟಾಗಿ ಗಾಜು ಸಿಡಿಯಿತು."

ಬಾಗಿಲು ತೆರೆಯಿತು. ಎರಡನೆಯದರಲ್ಲಿ ಹೆಬ್ಬಾವು.

"ಗೊತ್ತಿಲ್ಲದೆ ಕಟ್ಟಿದೆಯೇನು?"

"ಗೊತ್ತಿದ್ದೇ ಕಟ್ಟಿದೆ. ದೊಡ್ಡ ಬಾಯಿಗೆ ದೊಡ್ಡ ಗಾಜು ಬೇಕು, ಅದಕ್ಕೆ ಇಲ್ಲಿಗೆ ಬರಬೇಕು. ನಿನಗೆ ಹೆದರಿ, ಮನೆಯಲ್ಲಿದ್ದ ಸಣ್ಣ ಚೂರಿನಲ್ಲೇ ಸುಧಾರಿಸಿದೆ."

"ಈಗ ಹೆದರಿಕೆ ಇಲ್ಲವೋ?"

"ಅಕ್ಕನ ಮುಖ ನೋಡುವುದಕ್ಕಿಂತ ನಿನ್ನ ಮುಖ ನೋಡುವುದೇ ಸುಲಭ," ಅಂದ ಕೇತ. ಹಾವು ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಮುದಿ ಆಮೆ. ಅದು ಗದರಲಿಲ್ಲ. ಮೆಲ್ಲಗೆ ಕೇಳಿತು. "ಮಾಡಿದವನು ನೀನು, ಹೋದ ಕಣ್ಣು ಅವಳದು. ಅದು ಹೇಗಪ್ಪ?"

ಬಾಗಿಲು ಮುಚ್ಚಿಯೇ ಇತ್ತು. ಕೊನೆಗೆ ಕೇತ ಬಿಕ್ಕುತ್ತಾ ಹೇಳಿದ. "ಒಡೆದೀತು ಅಂತ ಒಳಗೊಳಗೇ ಅಂಜಿಕೆ ಇತ್ತು. ಅದಕ್ಕೇ 'ನೀನೇ ನೋಡಕ್ಕಾ' ಅಂತ ಅವಳನ್ನು ಮುಂದೆ ತಳ್ಳಿದೆ."

ಆಮೆ ತನ್ನ ಚಿಪ್ಪಿನಡಿಯಿಂದ ತಟ್ಟೆಯಗಲದ ಕರಿಗಾಜು ತೆಗೆದು ಕೊಟ್ಟಿತು. ಸಮಾಧಾನದ ಮಾತೇನೂ ಹೇಳಲಿಲ್ಲ.

ಕೇತ ಊರಿಗೆ ಓಡಿಬಂದು ಕರಿಗಾಜನ್ನು ದುರ್ಬೀನಿನ ದೊಡ್ಡ ಬಾಯಿಗೆ ಬಿಗಿಯಾಗಿ ಕಟ್ಟಿದ. ಅಂಗಳದಲ್ಲಿ ಊರೆಲ್ಲ ನೋಡುತ್ತಿರಲು ತಾನೇ ಕಣ್ಣಿಟ್ಟ. ಸೂರ್ಯ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಗೆ, ತಣ್ಣಗೆ ಕಂಡ. ನಡುವೆ ಕಪ್ಪು ಚುಕ್ಕೆಯಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಕರಿಮೊಗ!

"ಕಂಡೆ ಕಣೋ ನಿನ್ನ!"

ಕರಿಮೊಗ ಚೀರುತ್ತಾ ಉರುಳಿದ. ನೆಲ ಮುಟ್ಟುವ ಮೊದಲೇ ಬೂದಿಯಾದ. ಕಲ್ಲಾದವರೆಲ್ಲ ಮೈ ಕೊಡವಿ ಎದ್ದರು. ಬದನೆಕಾಯಿ ಮಾರುವವಳು ನಿಂತಿದ್ದ ಜಗಳವನ್ನು ನಿಂತಲ್ಲಿಂದಲೇ ಮುಂದುವರಿಸಿದಳು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕುಣಿದರು.

ಆಮೇಲೆ ಎಲ್ಲರೂ ನಾಗಲೆಯ ಕಡೆ ತಿರುಗಿದರು. ಅವಳು ನಗುನಗುತ್ತಾ ಬಟ್ಟೆ ಬಿಚ್ಚಿದಳು. ರೆಪ್ಪೆ ಬಡಿದಳು. ಮತ್ತೆ ಬಡಿದಳು. ಕಣ್ಣು ಬರಲಿಲ್ಲ.

"ಇದ್ಯಾಕೆ?" ಅಂದ ರಾಜ. "ಅವನು ಕಸಿದದ್ದೆಲ್ಲ ಬರಬೇಕಲ್ಲ?"

ಕೇತ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವನ ಕೊರಳಿಗೆ ಹೂಹಾರ ಬೇರೆ ಬಿದ್ದಿತ್ತು. ಕೇತ ಹಾರ ತೆಗೆದು ಕೆಳಗಿಟ್ಟ. "ಅಕ್ಕಾ, ನಿನ್ನ ಕಣ್ಣು ಕಸಿದವನು ಅವನಲ್ಲ, ನಾನು," ಅಂದ. ಬೆಟ್ಟದಲ್ಲಿ ಮೂರು ಬಾಗಿಲಿಗೆ ಹೇಳಿದ್ದನ್ನು ಊರಿನೆದುರು, ಅಕ್ಕನ ಕಾಲ ಹತ್ತಿರ ಕೂತು, ಒಂದೂ ಬಿಡದೆ ಹೇಳಿದ. ನಾಚಿಕೆಯಿಂದ ಅವನ ಕಿವಿಯೆಲ್ಲ ಕೆಂಪಾಗಿತ್ತು.

ನಾಗಲೆ ಅವನ ಕೆನ್ನೆಗೆ ಛಟೀರೆಂದು ಬಾರಿಸಿದಳು. ಯಾರೂ ತಡೆಯಲಿಲ್ಲ. ಆಮೇಲೆ ಕೈ ಚಾಚಿದಳು.

"ದುರ್ಬೀನು ಕೊಡು."

"ಬೇಡಕ್ಕಾ! ಇರೋದು ಒಂದೇ ಕಣ್ಣು..."

"ಅದನ್ನೇನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲೇ? ಕೊಡೋ."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಗಾಜು ಬಿರಿಯಲಿಲ್ಲ.

"ಚೆನ್ನಾಗಿ ಕಟ್ಟಿದ್ದೀಯ," ಅಂದಳು ನಾಗಲೆ. ಅವನ ಕಡೆ ತಿರುಗಲಿಲ್ಲ.

ಆಮೇಲೆ ಬಿಸಿಲಾಪುರದಲ್ಲಿ ಯಾರ ಮೇಲೂ ಕೆಟ್ಟ ನೆರಳು ಬೀಳಲಿಲ್ಲ, ಎಲ್ಲರೂ ಸುಖವಾಗಿದ್ದರು. ಕೇತನೂ ಸುಖವಾಗಿದ್ದ. ಅಕ್ಕನ ಎದುರು ತಲೆಯೆತ್ತಿ ಕೂತು ಉಣ್ಣಲು ಮಾತ್ರ ಅವನಿಗೆ ಬಹಳ ಕಾಲ ಹಿಡಿಯಿತು.