ರಕ್ತ ಒಪ್ಪದ ಜೋಡಿ

ನೈಜೀರಿಯಾದ ಇಬಾಡಾನ್ ಊರಿನ ಮೊಕೊಲಾ ಬಡಾವಣೆಯಲ್ಲಿ, ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಇರೆತಿಯ ಆಫೀಸು. ಆ ಬೆಳಿಗ್ಗೆ ಕರೆಂಟು ಹೋಗಿತ್ತು, ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಮೆಟ್ಟಿಲ ತುದಿಯಲ್ಲಿ ಎತ್ತರದ ಯುವಕನೊಬ್ಬ ಕಾಣಿಸಿದ್ದೇ ತಡ, ಅವಳು ಮುಖವನ್ನೂ ಸರಿಯಾಗಿ ನೋಡದೆ ಹೇಳಿದಳು.

"ಈಗ ಬಂದ್ರಾ? ಜನರೇಟರ್ ಹಿಂದಿನ ಬಾಲ್ಕನೀಲಿದೆ. ಬೇಗ ನೋಡಿ."

ಅವನು ಒಂದು ಕ್ಷಣ ನಿಂತ. ಬಗಲಲ್ಲಿದ್ದ ಫೈಲನ್ನು ಕುರ್ಚಿಯ ಮೇಲಿಟ್ಟು, ಅಂಗಿಯ ತೋಳು ಮಡಚಿಕೊಂಡು ಹಿಂದಕ್ಕೆ ಹೋದ. ಕಾಲು ಗಂಟೆಯಲ್ಲಿ ಫ್ಯಾನು ತಿರುಗಿತು.

"ಎಷ್ಟಾಯ್ತು?" ಎಂದಳು ಇರೆತಿ.

"ಪೆಟ್ರೋಲೇ ಇರ್ಲಿಲ್ಲ ಮೇಡಂ. ಕೆಳಗಡೆ ಟೈಲರಕ್ಕನ ಹತ್ರ ಇಸ್ಕೊಂಡು ಹಾಕಿದೆ. ಇನ್ನು ಎಷ್ಟು ಅನ್ನೋದನ್ನ ನೀವೇ ಹೇಳ್ಬೇಕು, ತಿಂಗಳ ಸಂಬಳ. ನಾನು ಇಂಟರ್‌ವ್ಯೂಗೆ ಬಂದಿರೋನು."

ಆಗ ಅವಳು ಅವನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ, ಆದರೆ ನಗುವನ್ನು ಕೆನ್ನೆಯೊಳಗೆ ಪೆಪ್ಪರಮಿಂಟಿನಂತೆ ಇಟ್ಟುಕೊಂಡಿದ್ದ. ಹೆಸರು ಕೊಲಾಡೆ. ಲ್ಯಾಬ್ ಟೆಕ್ನಿಷಿಯನ್.

ಇರೆತಿಯ ಆ್ಯಪ್ ಹೆಣ್ಣು ಗಂಡು ಜೋಡಿಸುವುದು. ಅಂಥವು ಊರಲ್ಲಿ ಬೇಕಾದಷ್ಟಿದ್ದವು. ಇದು ಮಾತ್ರ ಮೊದಲು ರಕ್ತ ಕೇಳುತ್ತಿತ್ತು. ರಕ್ತದ ಜೀನೋಟೈಪ್ ಎಎ ಇದ್ದವರಿಗೆ ಯಾರಾದರೂ ಸರಿ. ಎಎಸ್ ಇದ್ದವರಿಗೆ ಎಎ ಇದ್ದವರನ್ನಷ್ಟೇ ತೋರಿಸುತ್ತಿತ್ತು. ಎಎಸ್ ಎಎಸ್ ಕೂಡಿದರೆ, ಹುಟ್ಟುವ ಪ್ರತಿ ಮಗುವೂ ಎಸ್‌ಎಸ್ ಆಗುವ ಸಂಭವ ನಾಲ್ಕರಲ್ಲಿ ಒಂದು. ಎಸ್‌ಎಸ್ ಎಂದರೆ ರಕ್ತಕಣ ಕುಡುಗೋಲಿನಂತೆ ಬಾಗಿ, ನರನರದಲ್ಲೂ ಸಿಕ್ಕಿಕೊಂಡು, ಮೂಳೆಯೊಳಗಿಂದ ನೋವು ಏಳುವ ಕಾಯಿಲೆ. ನೈಜೀರಿಯಾದಲ್ಲಿ ಹುಡುಗ ಹುಡುಗಿ ಹೆಸರು ಕೇಳಿದ ಎರಡನೇ ದಿನವೇ ಇದನ್ನು ಕೇಳಿಕೊಳ್ಳುತ್ತಾರೆ. ಕೇಳಿಕೊಳ್ಳದವರು, ಮದುವೆಯ ವಾರ ಚರ್ಚಿನವರು ರಕ್ತಪರೀಕ್ಷೆಯ ಚೀಟಿ ಕೇಳಿದಾಗ ಅಳುತ್ತಾರೆ.

ಇರೆತಿಯ ಅಪ್ಪ ಅಮ್ಮ ಕೇಳಿಕೊಂಡಿರಲಿಲ್ಲ. ಅವಳ ತಮ್ಮ ತಾಯೊ ಎಸ್‌ಎಸ್, ಹತ್ತೊಂಬತ್ತನೇ ವಯಸ್ಸಿಗೇ ಹೋದ. ಅವಳು ಎಎಸ್.

ಜನ ತರುವ ಸರ್ಟಿಫಿಕೇಟುಗಳಲ್ಲಿ ಸುಳ್ಳನ್ನು ಹಿಡಿಯುವುದು ಕೊಲಾಡೆಯ ಕೆಲಸ. ಅವನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಕಿರಿದು ಮಾಡುತ್ತಿದ್ದ. ಆ ಕಿರಿದಾದ ಕಣ್ಣು ಆಗೀಗ ಕಾಗದದ ಅಂಚು ದಾಟಿ ಅವಳ ಮೇಜಿನವರೆಗೆ ಬರುತ್ತಿತ್ತು.

"ಸೀಲು ಅಲ್ಲಿದೆ, ನನ್ನ ಮುಖದ ಮೇಲಲ್ಲ," ಎನ್ನುತ್ತಿದ್ದಳು ಇರೆತಿ, ತಲೆಯೆತ್ತದೆ.

"ಅಸಲಿ ಯಾವುದು ಅಂತ ಹೋಲಿಸಿ ನೋಡ್ತಿದ್ದೆ, ಮೇಡಂ."

ಮಧ್ಯಾಹ್ನ ಅಮಾಲಾ ಮುದ್ದೆಯ ಹೋಟೆಲಿಗೆ ಜೊತೆಯಾಗಿ ಹೋಗುವುದು ರೂಢಿಯಾಯಿತು. ಕಪ್ಪು ಮುದ್ದೆಯನ್ನು ಮುರಿದು ಸಾರಲ್ಲಿ ಅದ್ದುವಾಗ ಅವನು ತನ್ನ ತಟ್ಟೆಯ ಮಾಂಸದ ತುಂಡನ್ನು ಮಾತಿಲ್ಲದೆ ಅವಳ ತಟ್ಟೆಗೆ ದಾಟಿಸುತ್ತಿದ್ದ. ಅವಳೂ ಗಮನಿಸದವಳಂತೆ ತಿನ್ನುತ್ತಿದ್ದಳು. ಒಂದು ದಿನ ಅವನೇ ಆ್ಯಪಿನಲ್ಲಿ ಹೆಸರು ನೋಂದಾಯಿಸಿದ. ಶಾಲೆಯ ವೈದ್ಯಕೀಯ ಕಾರ್ಡಿನಂತೆ ಅವನು ಎಎ. ಇರೆತಿ ಫೋನ್ ತೆರೆದರೆ ಪಟ್ಟಿಯ ಮೊದಲಿಗೇ ಅವನ ಮುಖ.

"ಇದೇನೋ ಇದು?"

"ನಿಮ್ಮ ಆ್ಯಪ್ಪೇ ತಾನೆ ತೋರಿಸ್ತಿರೋದು? ನನ್ನನ್ನ್ಯಾಕೆ ಬೈತೀರಿ?"

ಅವಳು ಬೈಯಲಿಲ್ಲ. ಪರದೆಯನ್ನು ಬಲಕ್ಕೆ ಸರಿಸಿದಳು, ಒಪ್ಪಿಗೆ ಎಂದರ್ಥ. ಕೋಣೆಯ ಆ ಬದಿಯಲ್ಲಿ ಅವನ ಫೋನು ಟಿಣ್ ಎಂದಿತು. ಇಬ್ಬರೂ ಬಹಳ ಹೊತ್ತು ತಂತಮ್ಮ ಕೆಲಸದಲ್ಲಿ ಮುಳುಗಿದವರಂತೆ ಕೂತರು.

ಆರು ತಿಂಗಳಲ್ಲಿ ಇರೆತಿಯ ಅಮ್ಮ ಅವನನ್ನು ಅಳಿಯನೆಂದೇ ಕರೆಯತೊಡಗಿದಳು. ಎರಡು ಮನೆಯವರು ಕೂತು ಮಾತಾಡುವ ಶನಿವಾರವೂ ಗೊತ್ತಾಯಿತು.

ಕಾಗದಗಳನ್ನು ನಂಬಲಾಗದು, ಒಂದು ಹನಿ ರಕ್ತದಲ್ಲಿ ಆಫೀಸಿನಲ್ಲೇ ಪರೀಕ್ಷೆ ಮಾಡುವ ಯಂತ್ರ ತರಿಸೋಣ ಎಂದು ಹಟ ಹಿಡಿದವನು ಕೊಲಾಡೆಯೇ. ಅದು ಒಂದು ಸೋಮವಾರ ಬಂತು. ಸರಿಯಾಗಿ ಓದುತ್ತದೋ ಎಂದು ನೋಡಲು ಅವನು ಮೊದಲು ತನ್ನ ಬೆರಳನ್ನೇ ಚುಚ್ಚಿಕೊಂಡ. ಎಎಸ್ ಎಂದಿತು. ಯಂತ್ರವೇ ಕೆಟ್ಟಿದೆ ಎಂದುಕೊಂಡು, ಆಫೀಸಿನ ಇನ್ನಿಬ್ಬರು ಕೆಲಸದವರ ರಕ್ತ ಹಾಕಿ ನೋಡಿದ. ಅವರದು ಸರಿಯಾಗಿಯೇ ಬಂತು. ಮತ್ತೆ ತನ್ನದು. ಸಂಜೆ ಹಳೆಯ ಲ್ಯಾಬಿಗೆ ಹೋಗಿ, ಪರಿಚಯದವರಿಂದ ಇನ್ನೊಮ್ಮೆ ಮಾಡಿಸಿದ. ಅಲ್ಲೂ ಅದೇ. ಇಪ್ಪತ್ತು ವರ್ಷದ ಕೆಳಗೆ ಶಾಲೆಯಲ್ಲಿ ಯಾರೋ ಅವಸರದಲ್ಲಿ ಒಂದು ಅಕ್ಷರ ತಪ್ಪು ಬರೆದಿದ್ದರು.

ನಾಲ್ಕು ದಿನ ಅವನು ಯಾರಿಗೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದ ಮೇಲೆ, ಲ್ಯಾಬಿನ ಚೀಟಿಯನ್ನು ಅವಳ ಕೀಬೋರ್ಡಿನ ಮೇಲಿಟ್ಟ.

"ಯಾರದು ಇದು?" ಎನ್ನುತ್ತ ಅವಳು ಹೆಸರು ಓದಿದಳು. ಮತ್ತೆ ಓದಿದಳು.

"ಯಂತ್ರ?"

"ಸರಿಯಾಗಿದೆ."

"ಇನ್ನೊಂದ್ಸಲ ಮಾಡು."

"ಐದು ಸಲ ಮಾಡಿದೀನಿ ಇರೆತಿ."

ಬೆರಳ ತುದಿಗಳಲ್ಲಿ ಐದು ಚುಕ್ಕೆ ಒಣಗಿದ್ದವು. ಅವಳು ಆ ಕೈಯನ್ನು ಹಿಡಿದುಕೊಂಡು, ಬಹಳ ಹೊತ್ತು ಬಿಡಲಿಲ್ಲ.

"ಮಕ್ಕಳೇ ಬೇಡ," ಎಂದಳು ಕೊನೆಗೆ. "ನಾವಿಬ್ರೇ ಇರೋಣ."

"ನೀನು ಹೂಂ ಅಂದ್ರೆ ನಾನು ಇರ್ತೀನಿ. ಆದ್ರೆ ಕೆಳಗಡೆ ಟೈಲರಕ್ಕನ ಮಗು ಅತ್ತಾಗೆಲ್ಲ ಮೀಟಿಂಗ್ ಬಿಟ್ಟು ಓಡೋಳು ನೀನು. ಹುಟ್ಟದೇ ಇರೋ ಮಗಳಿಗೆ ಹೆಸರಿಟ್ಟು ನನಗೆ ಹೇಳ್ದೋಳು ನೀನು."

"ಭ್ರೂಣದಲ್ಲೇ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲದ್ದನ್ನ ಮಾತ್ರ ಗರ್ಭಕ್ಕೆ ಸೇರಿಸೋದು ಮಾಡ್ತಾರಂತೆ ಲೇಗೋಸಿನಲ್ಲಿ."

"ಮಾಡ್ತಾರೆ. ಒಂದ್ಸಲಕ್ಕೆ ಈ ಆಫೀಸೇ ಮಾರ್ಬೇಕು. ಗರ್ಭ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಅವ್ರೂ ಕೊಡಲ್ಲ. ಕೇಳ್ಕೊಂಡು ಬಂದೆ. ನಿರ್ಧಾರ ನಿನ್ನದು. ಏನಂದ್ರೂ ನಾನು ಬೇಜಾರು ಮಾಡ್ಕೊಳಲ್ಲ."

ಶನಿವಾರದ ಮಾತುಕತೆ ನಡೆಯಲಿಲ್ಲ. ಇರೆತಿ ಅಮ್ಮನ ಮನೆಯ ಹಿತ್ತಲಲ್ಲಿ ಕೂತು ಎಲ್ಲ ಹೇಳಿದಳು. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಅಮ್ಮ ಬೇಡ ಎನ್ನುತ್ತಾಳೆ, ಅದನ್ನೇ ಹಿಡಿದುಕೊಂಡು ಅವನಿಗೆ ಹೇಳಿಬಿಡಬಹುದು ಎಂದುಕೊಂಡಿದ್ದಳು ಮಗಳು.

"ಮದ್ವೆ ಮಾಡ್ಕೋ," ಎಂದಳು ಅಮ್ಮ.

"ಅಮ್ಮಾ?"

"ನಾಲ್ಕರಲ್ಲಿ ಮೂರು ಒಳ್ಳೇದೇ ಅಲ್ವೇನೇ? ಕೆಟ್ಟದ್ದು ಬಂದ್ರೂ ಏನು? ತಾಯೊ ಹತ್ತೊಂಬತ್ತು ವರ್ಷ ಇದ್ದ. ಈ ಹಿತ್ತಲಲ್ಲಿ ಅವನಷ್ಟು ನಗ್ತಿದ್ದೋರು ಯಾರೂ ಇರ್ಲಿಲ್ಲ. ನೀನು ಆ ಆ್ಯಪ್ಪು ಮಾಡ್ದಾಗ ಎಲ್ಲರೂ ಭೇಷ್ ಅಂದ್ರು. ನಾನೂ ಅಂದೆ. ಮನೆಗೆ ಬಂದು ಅತ್ತುಬಿಟ್ಟೆ. ನಮ್ಮ ಕಾಲಕ್ಕೇ ಅದು ಇದ್ದಿದ್ರೆ ನನ್ನ ಮಗ ಹುಟ್ತಾನೇ ಇರ್ಲಿಲ್ವಲ್ಲ."

ತಾಯೊ ಕೂಡ ಒಮ್ಮೆ ಆಸ್ಪತ್ರೆಯ ಹಾಸಿಗೆಯಿಂದ ಇದನ್ನೇ ಕೇಳಿದ್ದ, ತಮಾಷೆಯಾಗಿ. 'ನಾನು ಹೀಗೇ ಹುಟ್ತೀನಿ ಅಂತ ಮೊದ್ಲೇ ಗೊತ್ತಿದ್ರೆ ಅಮ್ಮನಿಗೆ ಬೇಡ ಅಂತಿದ್ಯಾ ಅಕ್ಕಾ?' ಅವಳು ಅವನ ಕಾಲು ತಿಕ್ಕುತ್ತ ಮಾತು ಬದಲಿಸಿದ್ದಳು. ಆ ಕಾಲು ಮರದ ಕೊರಡಿನಂತೆ ಬಿಗಿದಿತ್ತು. ಅವನು ದಿಂಬಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ, ಪಕ್ಕದ ಹಾಸಿಗೆಯವರಿಗೆ ಕೂಗು ಕೇಳಿಸಬಾರದೆಂದು.

"ನಿಂಗೆ ಅವನ ನಗು ನೆನಪಿದೆ," ಎಂದಳು ಇರೆತಿ. "ನನಗೆ ಅವನ ಕೂಗು ನೆನಪಿದೆ. ನನ್ನ ಕೈಲಿ ಆಗಲ್ಲಮ್ಮಾ."

ಅಮ್ಮ ಆಗ ಸೊಪ್ಪು ಕೆಳಗಿಟ್ಟಳು. ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಮತ್ತೆ ಮದುವೆಯ ಮಾತೆತ್ತಲಿಲ್ಲ.

ಕೊಲಾಡೆ ಇಲೋರಿನ್‌ನಲ್ಲಿ ಒಂದು ಲ್ಯಾಬಿನ ಕೆಲಸ ಹುಡುಕಿಕೊಂಡ. ಹೊರಡುವ ಮುಂಚಿನ ದಿನ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಆ್ಯಪಿನಲ್ಲಿ ಅವನ ದಾಖಲೆಯನ್ನು ತಿದ್ದುವುದು ಬಾಕಿಯಿತ್ತು. ಅದಕ್ಕೆ ಅವಳ ಪಾಸ್‌ವರ್ಡೇ ಬೇಕು.

"ನಾನು ಹೋದ್ಮೇಲೆ ಒಬ್ಳೇ ಮಾಡ್ಬೇಡ," ಎಂದ. "ಈಗ್ಲೇ ಮಾಡು."

ಅವಳು ಎಎ ಅಳಿಸಿ ಎಎಸ್ ಎಂದು ಬರೆದಳು. ಅವಳ ಫೋನಿನ ಪಟ್ಟಿಯಿಂದ ಅವನ ಮುಖ ಹೋಯಿತು. ಅಲ್ಲಿಗೆ ಯಾರೋ ಅಬೆಒಕುಟಾ ಊರಿನ ಶಿಕ್ಷಕ ಬಂದು ನಿಂತ.

"ಚೆನ್ನಾಗಿದಾನೆ," ಎಂದ ಕೊಲಾಡೆ.

"ಬಾಯಿ ಮುಚ್ಚು," ಎಂದು ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ಅಂಗಿಯ ತೋಳು ಒದ್ದೆಯಾಗುವವರೆಗೂ ಅವನು ಅಲುಗಾಡಲಿಲ್ಲ.

ಇಲೋರಿನ್‌ಗೆ ಹೋಗುವ ವ್ಯಾನು ತುಂಬದೆ ಹೊರಡುವುದಿಲ್ಲ. ಮರುದಿನ ಅವರು ನಿಲ್ದಾಣ ತಲುಪಿದಾಗ ನಾಲ್ಕು ಸೀಟು ಖಾಲಿಯಿದ್ದವು. ಅವನು ಬ್ಯಾಗನ್ನು ಕಿಟಕಿ ಬದಿಯ ಸೀಟಿನ ಮೇಲಿಟ್ಟು ಕೆಳಗಿಳಿದು ಬಂದ. ಮರುಭೂಮಿಯ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಇಬ್ಬರ ತುಟಿಯ ಮೇಲೂ ಬೆಳ್ಳಗೆ ಕೂತಿತ್ತು. ಇಬ್ಬರು ವಿದ್ಯಾರ್ಥಿಗಳು ಹತ್ತಿದರು.

"ನೀನು ಆ ಚೀಟಿ ಹರಿದು ಬಿಸಾಕಿದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ," ಎಂದಳು ಇರೆತಿ.

"ನಾಲ್ಕು ದಿನ ಅದನ್ನೇ ಯೋಚ್ನೆ ಮಾಡಿದ್ದು. ಒಂದ್ಸಲ ಹರಿಯೋಕೆ ಕೈಗೂ ತಗೊಂಡಿದ್ದೆ."

"ಮತ್ಯಾಕೆ ಹರೀಲಿಲ್ಲ?"

ಅವನು ಅವಳನ್ನು ನೋಡಿದ. ಒಂದು ಕಣ್ಣು ಕಿರಿದು ಮಾಡಲಿಲ್ಲ. ಎರಡೂ ಕಣ್ಣು ಬಿಟ್ಟು, ನೇರ ನೋಡಿದ.

"ನಿನ್ನ ಮೇಲೆ ಸ್ವಲ್ಪ ಕಮ್ಮಿ ಪ್ರೀತಿ ಇದ್ದಿದ್ರೆ ಹರೀತಿದ್ದೆ."

ಅವನು ಇಷ್ಟು ದಿನ ಆ ಮಾತನ್ನು ತಮಾಷೆಯ ಹೊದಿಕೆಯಿಲ್ಲದೆ ಹೇಳಿರಲಿಲ್ಲ. ಅವಳು ಅವನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಅದು ಹಾಕಿಯೇ ಇತ್ತು, ಬಿಚ್ಚಿ ಮತ್ತೆ ಹಾಕಿದಳು.

"ನನಗೂ ಅಷ್ಟೇ ಕಣೋ," ಎಂದಳು.

ಕೊನೆಗೆ ಬಂದವಳು ಪುಟ್ಟ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು, ಎರಡೂ ಕೈಯಲ್ಲಿ ಗಂಟು. ಅವಳು ಗಂಟುಗಳನ್ನು ಸೀಟಿನ ಕೆಳಗೆ ತುರುಕಲು ಬಾಗಿದಾಗ, ಒಳಗೆ ಹೋಗಿ ಕೂತಿದ್ದ ಕೊಲಾಡೆ ಕೈ ಚಾಚಿದ. ಹೆಂಗಸು ಬಟ್ಟೆ ಬಿಚ್ಚಿ ಮಗುವನ್ನು ಅವನಿಗೆ ಕೊಟ್ಟಳು. ಚಾಲಕ ಬಾಗಿಲೆಳೆದ.

ಕಿಟಕಿಯ ಗಾಜಿನಾಚೆ ಆ ಮಗು ಅವನ ತೊಡೆಯ ಮೇಲೆ ನಿಂತು, ಇರೆತಿ ಈಗಷ್ಟೇ ಹಾಕಿದ್ದ ಗುಂಡಿಯನ್ನು ಹಿಡಿದು ಜಗ್ಗುತ್ತಿತ್ತು. ಅವನು ಅದರ ಕಂಕುಳಿಗೆ ಎರಡೂ ಕೈ ಕೊಟ್ಟು ಹಿಡಿದಿದ್ದ. ಆದ್ದರಿಂದ ವ್ಯಾನು ಹೊರಟಾಗ ಅವನಿಗೆ ಕೈ ಬೀಸಲಾಗಲಿಲ್ಲ. ಇರೆತಿಯೇ ಬೀಸಿದಳು, ವ್ಯಾನು ತಿರುವು ದಾಟುವವರೆಗೆ.

ಆಮೇಲೆ ಮೊಕೊಲಾ ಕಡೆಗೆ ನಡೆದುಕೊಂಡೇ ಹೋದಳು.