ಹಾಲವ್ವ ಕಡಲಿಗೆ ಹೆಪ್ಪು ಹಾಕಿದ್ದು

ಬಹಳ ಬಹಳ ಹಿಂದೆ, ಎತ್ತು ಎಮ್ಮೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬಯಲುಗಿರಿ ಎಂಬ ರಾಜ್ಯವಿತ್ತು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಏಳು ಬೆಟ್ಟ ದಾಟದೆ ಸಮುದ್ರ ಕಾಣುತ್ತಿರಲಿಲ್ಲ. ಆ ಜನ ಕಡಲನ್ನು ಕಂಡವರೇ ಅಲ್ಲ. ಉಪ್ಪು ತಿಂದು ಅದರ ರುಚಿ ಬಲ್ಲವರು, ಅಷ್ಟೇ.

ಆ ರಾಜ್ಯದ ರಾಜಧಾನಿಯಲ್ಲಿ ಹಾಲವ್ವ, ನಿಂಗಿ ಎಂಬ ಅಕ್ಕತಂಗಿಯರಿದ್ದರು. ತಾಯಿಯಿಲ್ಲ, ತಂದೆಯಿಲ್ಲ. ಮೊಸರು ಮಾರಿ ಹಾಲವ್ವ ತಂಗಿಯನ್ನು ಸಾಕಿದ್ದಳು. ಬೆಳಗಾದರೆ ಕಡೆಯಬೇಕು, ಹೊತ್ತೇರಿದರೆ ಮಾರಬೇಕು, ಸಂಜೆಯಾದರೆ ಹಾಲಿಗೆ ಹೆಪ್ಪು ಹಾಕಬೇಕು. ಕೂತು ನಾಲ್ಕು ಮಾತಾಡಲು ಅವಳಿಗೆ ಪುರುಸೊತ್ತಾದರೂ ಎಲ್ಲಿ? ತಂಗಿಯ ಮೇಲೆ ಅಕ್ಕರೆ ಉಕ್ಕಿದರೆ ತಟ್ಟೆಗೆ ಇನ್ನೊಂದು ಮುದ್ದೆ ಹಾಕುವಳು, ಮೇಲೊಂದು ಮಿಳ್ಳೆ ತುಪ್ಪ ಸುರಿಯುವಳು. ಅವಳಿಗೆ ಗೊತ್ತಿದ್ದ ಪ್ರೀತಿ ಅದೊಂದೇ, ಪಾಪ. ನಿಂಗಿಯಾದರೋ ಹದಿನಾರು ವರ್ಷದ ಬಾಯಿಬಡುಕಿ. ಎಮ್ಮೆಯ ಹತ್ತಿರವೂ ಮಾತು, ಒಲೆಯ ಹತ್ತಿರವೂ ಮಾತು.

ಅದೇ ಊರಿನಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕನಿದ್ದ. ಮೊಣಕಾಲು ಮುಟ್ಟುವ ಗಡ್ಡ ಅವನದು. ಆ ಗಡ್ಡದ ಮೇಲೆ ಅವನಿಗೆ ಎಲ್ಲಿಲ್ಲದ ಜಂಬ. ಒಂದು ಸಂತೆಯ ದಿನ ಅವನು ಹಾಲವ್ವನ ಹತ್ತಿರ ಒಂದು ಕುಡಿಕೆ ಮೊಸರು ಕುಡಿದ. ಅರ್ಧ ಹೊಟ್ಟೆಗೆ ಹೋಯಿತು, ಅರ್ಧ ಗಡ್ಡಕ್ಕೆ ಮೆತ್ತಿತು. ನಿಂಗಿ ಸುಮ್ಮನಿರುವ ಪೈಕಿಯೇ?

"ಅಜ್ಜಾ, ನಿನ್ನ ಗಡ್ಡಕ್ಕೂ ಹಸಿವಾಗಿತ್ತಾ?" ಎಂದಳು.

ಸಂತೆಗೆ ಸಂತೆಯೇ ಗೊಳ್ಳೆಂದು ನಕ್ಕಿತು. ಬೂದಿಗಣ್ಣನ ಮುಖ ಕೆಂಪಾಯಿತು. ತುಟಿಯಲ್ಲೇ ಏನೋ ಗೊಣಗಿ ಚಿಟಿಕೆ ಹೊಡೆದ. ನಿಂಗಿ ನಿಂತಿದ್ದ ಜಾಗದಲ್ಲಿ ನಿಂಗಿಯಿರಲಿಲ್ಲ. ಹೆಬ್ಬೆರಳುದ್ದದ ಒಂದು ಕೇಸರಿ ಮೀನು, ಮೈಮೇಲೆ ಮೂರು ಬಿಳಿ ಪಟ್ಟೆ, ಮಣ್ಣಿನಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಮಾಂತ್ರಿಕ ತನ್ನ ಜೋಳಿಗೆಯಿಂದ ಒಂದು ಮಡಕೆ ಸಮುದ್ರದ ನೀರು ತೆಗೆದು ಅದರೊಳಗೆ ಮೀನನ್ನು ಹಾಕಿದ.

ಎಂಥ ಮಂತ್ರಕ್ಕಾದರೂ ಬಿಡುಗಡೆಯ ದಾರಿಯೊಂದನ್ನು ಬಾಯಿಬಿಟ್ಟು ಹೇಳಲೇಬೇಕು, ಹೇಳದಿದ್ದರೆ ಅದು ಹಾಕಿದವನಿಗೇ ತಗಲುತ್ತದೆ. ಇದು ಮಾಂತ್ರಿಕರ ಕಟ್ಟಳೆ. ಆದ್ದರಿಂದ ಅವನು ಹೇಳಿದ:

"ಕೇಳೇ ಹಾಲವ್ವ. ಇವಳೀಗ ಕಡಲಿನ ಮೀನು. ಬಾವಿ ನೀರಿಗೆ ಹಾಕಿದರೆ ಸಾಯ್ತಾಳೆ. ಕಡಲಿಗೇ ಒಯ್ದು ಬಿಟ್ಟರೆ ಮೀನಾಗೇ ಉಳೀತಾಳೆ. ನಿನ್ನ ಮನೆಯಲ್ಲೇ, ಇವಳಿರುವ ನೀರಿನಲ್ಲಿ, ಹವಳದ ಕಡ್ಡಿ ಹೊಸ ಮೊಗ್ಗು ಬಿಡಬೇಕು. ಅವತ್ತು ಇವಳು ಹುಡುಗಿಯಾಗ್ತಾಳೆ, ನನ್ನ ವಿದ್ಯೆಯೆಲ್ಲ ಇಳಿದುಹೋಗುತ್ತೆ. ಆದರೆ ಅದೆಲ್ಲಿ ಆಗುತ್ತೆ? ರಾಜನೇ ಬೊಕ್ಕಸ ಬರಿದುಮಾಡಿ ಅರಮನೆಯಲ್ಲಿ ಕಡಲು ಕಟ್ಟಿಸಲು ಹೋದ. ಮೂರೇ ದಿನಕ್ಕೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೊಸರು ಮಾರೋಳು ನೀನೇನು ಕಟ್ತೀಯ!"

ಹಾಲವ್ವ ಅಳಲಿಲ್ಲ. ಮಡಕೆಯನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ನಡೆದಳು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಆಮೇಲೆ ಅತ್ತಳು.

ಅತ್ತಾದ ಮೇಲೆ ಯೋಚಿಸಿದಳು. ಮೊದಲು ನೀರಾಗಬೇಕು. ನೀರಿಗೆ ಉಪ್ಪು ಬೇಕು.

ಊರಾಚೆಯ ಬಯಲಿನಲ್ಲಿ ಉಪ್ಪಿನ ಹೇರು ಹೊತ್ತ ಎತ್ತುಗಳು ಇಳಿದಿದ್ದವು. ಮುಂದಾಳು ಎತ್ತು ಆಳೆತ್ತರದ ಬಿಳಿಯದು. ಅದರ ಕೊಂಬಿನ ತುದಿಯಲ್ಲಿ ಕಿಡಿ ಉರಿಯುತ್ತಿತ್ತು. ಹಾಲವ್ವನನ್ನು ಕಂಡು ಅದು ದಾರಿಗೆ ಅಡ್ಡ ನಿಂತಿತು.

"ಮೂರು ರಾಶಿ ಇವೆ, ನೋಡು. ಕಡಲು ಯಾವುದರಲ್ಲಿದೆ ಹೇಳು. ಸರಿಯಾಗಿ ಹೇಳಿದರೆ ಹೊರುವಷ್ಟು ಹೊತ್ತುಕೋ. ತಪ್ಪಿದರೆ ಕೊಂಬಿನಲ್ಲಿ ಎತ್ತಿ ಹಳ್ಳಕ್ಕೆ ಒಗೀತೀನಿ" ಎಂದಿತು.

ಒಂದು ರಾಶಿ ಮಲ್ಲಿಗೆಯಷ್ಟು ಬಿಳುಪು. ಇನ್ನೊಂದು ಕಲ್ಲುಸಕ್ಕರೆಯ ಹಾಗೆ ಗಟ್ಟಿ. ಮೂರನೆಯದು ಮೂಟೆಗಳ ಅಡಿಯಿಂದ ಗುಡಿಸಿ ಹಾಕಿದ ಬೂದುಬಣ್ಣದ ಒದ್ದೆ ಉಪ್ಪು. ಹಾಲವ್ವ ಸೊಂಟದಲ್ಲೇ ಹೊತ್ತು ತಂದಿದ್ದ ಮೀನಿನ ಮಡಕೆಯ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟಳು. ಮೊದಲು ಉಪ್ಪು, ಹಿಂದೆಯೇ ಒಂದು ಕಹಿ. ಆಮೇಲೆ ಮೂರೂ ರಾಶಿಯ ರುಚಿ ನೋಡಿದಳು. ಬಿಳಿಯದರಲ್ಲಿ ಕಹಿಯಿಲ್ಲ, ಗಟ್ಟಿಯದರಲ್ಲೂ ಇಲ್ಲ.

"ಈ ಕಸದ ಉಪ್ಪಲ್ಲಿದೆ ಎತ್ತಪ್ಪಾ, ಕಡಲು."

"ಭಲೇ!" ಎಂದಿತು ಎತ್ತು. "ಚೆಂದ ಕಾಣಲಿ ಅಂತ ತೊಳೆದ ಉಪ್ಪಿನಲ್ಲಿ ಕಡಲು ಉಳಿಯೋದಿಲ್ಲ. ಹೊತ್ತುಕೋ ತಾಯಿ. ಆದರೆ ನಿನ್ನ ಕೈ ಅಳತೆ ನಂಬಬೇಡ, ಅಡುಗೆಯಲ್ಲ ಇದು. ಇನ್ನೊಂದು ಮಾತು. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಆರೋದಿಲ್ಲ. ಆರಿದಷ್ಟಕ್ಕೆ ಸಿಹಿನೀರನ್ನೇ ಹಾಕು."

ಹಾಲವ್ವ ಅದಕ್ಕೊಂದು ಗಡಿಗೆ ಮಜ್ಜಿಗೆ ಕುಡಿಸಿ ಬಂದಳು. ಬೆಂಡಿನ ಚೂರಿಗೆ ಅರಗು ಮೆತ್ತಿ ಒಂದು ಗೋಲಿ ಮಾಡಿದಳು. ಮಡಕೆಯ ಕಡಲನೀರಿನಲ್ಲಿ ಆ ಗೋಲಿ ಕತ್ತಿನವರೆಗೆ ಮುಳುಗಿ ನಿಂತಿತು. ಹೊಸ ನೀರಿನಲ್ಲೂ ಅದು ಅಷ್ಟೇ ಮುಳುಗುವವರೆಗೆ ಉಪ್ಪು ಕದಡಿದಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

ನೀರಾಯಿತು. ಇನ್ನು ಕಡಲಿಗೊಂದು ಮನೆಯಾಗಬೇಕು, ಹವಳ ಬೇಕು.

ರಾಜನ ಸತ್ತುಹೋದ ಕಡಲನ್ನು ಅರಮನೆಯ ಹಿತ್ತಲಿಗೆ ಎಸೆದಿದ್ದರು. ಅಲ್ಲಿ ಕಾವಲಿಗೆ ಮೂರು ಬಾಲದ ಹುಲಿಯಿತ್ತು. ಹಾಲವ್ವ ಹೋಗಿ ಕೈಮುಗಿದಳು.

"ಬಾ ಬಾ" ಎಂದು ಹುಲಿ ಆಕಳಿಸಿತು. "ಇಲ್ಲಿರೋ ಕಲ್ಲುಗಳಲ್ಲಿ ಒಂದನ್ನು ಒಯ್ಯಬಹುದು. ಜೀವ ಇರೋದನ್ನು ಆರಿಸಿದರೆ ಬದುಕಿದೆ. ಸತ್ತದ್ದನ್ನು ಆರಿಸಿದರೆ ನನ್ನ ಮಧ್ಯಾಹ್ನದ ಊಟ ಆಯಿತು."

ಮುತ್ತು ಕೂರಿಸಿದ ಕಲ್ಲುಗಳಿದ್ದವು, ಹಾಲಿನಂಥ ಕಲ್ಲುಗಳಿದ್ದವು. ಹಾಲವ್ವ ಕಣ್ಣು ಮುಚ್ಚಿಕೊಂಡಳು. ಹೆಪ್ಪು ಕೆಟ್ಟಿದೆಯೋ ಇಲ್ಲವೋ ಎಂದು ಮೂಗಿನಲ್ಲೇ ಹೇಳಬಲ್ಲವಳು ಅವಳು. ಒಂದೊಂದನ್ನೇ ಮೂಸುತ್ತಾ ಹೋದಳು. ಮುತ್ತಿನ ಕಲ್ಲು ನಾರಿತು. ಹಾಲುಗಲ್ಲಿಗೆ ವಾಸನೆಯೇ ಇಲ್ಲ. ಮೂಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಬಿದ್ದಿತ್ತು, ಒಂದು ಕಡೆ ಬಿರುಕು ಬಿಟ್ಟದ್ದು. ಅದರ ತಳದಲ್ಲಿ ಗೇಣಾಳದ ನೀರು ಉಳಿದಿತ್ತು. ಆ ನೀರಿನಲ್ಲಿ ತೂತುತೂತಾದ, ನೇರಳೆ ಬಣ್ಣದ ಒಂದು ಕುರೂಪಿ ಕಲ್ಲು. ಅದನ್ನು ಮೂಸಿದರೆ ತಂಗಿಯ ಮಡಕೆಯ ವಾಸನೆಯೇ ಬಂತು. ಆ ಕಲ್ಲಿನ ಬೆನ್ನಿಗೆ ಕಿರುಬೆರಳಿನಷ್ಟು ಮುರಿದ ಹವಳದ ಕಡ್ಡಿ ಅಂಟಿತ್ತು.

"ಇದು."

ಹುಲಿಯ ಮೂರು ಬಾಲವೂ ಒಟ್ಟಿಗೆ ಆಡಿದವು. "ಊಟ ತಪ್ಪಿಸಿದೆಯಲ್ಲೇ! ಹೋಗಲಿ, ಆ ಒಡಕು ತೊಟ್ಟಿಯನ್ನೂ ಒಯ್ಯಿ, ಇಲ್ಲಿ ಯಾರಿಗೂ ಬೇಡ. ಈ ಕಲ್ಲಿನ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಮೀನಿನ ಹೊಲಸನ್ನು ತಿಂದು ನೀರು ಕಾಯೋದು ಅವೇ. ಅವು ತೊಟ್ಟಿ ತುಂಬಾ ಹಬ್ಬಬೇಕು, ಆಮೇಲೆ ಮೀನು. ನಮ್ಮ ರಾಜ ಬೆಳಿಗ್ಗೆ ನೀರು ತುಂಬಿಸಿದ, ಮಧ್ಯಾಹ್ನ ಮೀನು ಬಿಟ್ಟ. ಹೇಳಿದರೆ ಕೇಳಬೇಕಲ್ಲ ಆ ಮಾರಾಯ!"

"ಅಂದರೆ ಇದು ಹೆಪ್ಪು!" ಎಂದಳು ಹಾಲವ್ವ.

"ಅದೇನೋ ನನಗೆ ಗೊತ್ತಿಲ್ಲ, ನಾನು ಮೊಸರು ತಿನ್ನೋದಿಲ್ಲ" ಎಂದಿತು ಹುಲಿ.

ಹಾಲವ್ವ ತೊಟ್ಟಿಯ ಬಿರುಕಿಗೆ ಅರಗು ಕಾಯಿಸಿ ತುಂಬಿದಳು. ಬೆಳಕು ಬೀಳುವ ಕಿಟಕಿಯ ಕೆಳಗೆ ಇಟ್ಟು, ನೀರು ಹೊಯ್ದು, ಕಲ್ಲು ಇಳಿಸಿದಳು. ಕಡಲಿಗೆ ಅಲೆ ಬೇಡವೇ? ಮೊಸರು ಕಡೆಯುವ ಕಡೆಗೋಲನ್ನೇ ತೊಳೆದು, ದಿನಕ್ಕೆ ನಾಲ್ಕು ಸಲ ಮೆಲ್ಲಗೆ ಆಡಿಸಿದಳು. ಮರುದಿನ ನೀರು ಹಾಲಿನ ಹಾಗೆ ಕದಡಿತು, ನಾರಿತು. ಮಡಕೆಯಲ್ಲಿ ನಿಂಗಿ ಸುತ್ತಲೂ ಜಾಗವಿಲ್ಲದೆ ಗಿರಗಿರ ತಿರುಗುತ್ತಿದ್ದಳು. ಅದನ್ನು ನೋಡಲಾರದೆ ಹಾಲವ್ವ ಎಷ್ಟೋ ಸಲ ಮಡಕೆ ಎತ್ತಿ ತೊಟ್ಟಿಯವರೆಗೆ ಒಯ್ದಳು. ಹೆಪ್ಪು ಹಾಕಿದ ಹಾಲಿಗೆ ಘಳಿಗೆಗೊಂದು ಸಲ ಬೆರಳು ಹಾಕಿದರೆ ಮೊಸರಾದೀತೇ ಎಂದು ತನಗೆ ತಾನೇ ಬೈದುಕೊಂಡು ವಾಪಸ್ಸು ತಂದಳು. ಮಡಕೆಯ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಬದಲಿಸಿದಳು. ಹುಣ್ಣಿಮೆ ಕಳೆದು ಇನ್ನೊಂದು ಹುಣ್ಣಿಮೆ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯಲ್ಲಿ ನೀರೇ ಇಲ್ಲ! ಓಡಿಹೋಗಿ ಕೈಯಿಟ್ಟಳು. ಕೈ ಒದ್ದೆಯಾಯಿತು. ನೀರು ಅಷ್ಟು ತಿಳಿಯಾಗಿತ್ತು.

ಅಂದು ನಿಂಗಿ ತೊಟ್ಟಿಗೆ ಇಳಿದಳು.

ಇನ್ನೇನು, ಮೊಗ್ಗು ಬಂದೇಬಿಟ್ಟಿತು ಎಂದುಕೊಂಡಿರಾ? ನಿಲ್ಲಿ. ಮೂರನೆಯ ಕಷ್ಟ ಹೊರಗಿನಿಂದ ಬರಲಿಲ್ಲ, ಹಾಲವ್ವನ ಕೈಯಿಂದಲೇ ಬಂತು.

ನಿಂಗಿ ಗಾಜಿಗೆ ಮೂತಿಯಿಟ್ಟು ಬಾಯಿ ತೆಗೆಯುವಳು, ಮುಚ್ಚುವಳು, ತೆಗೆಯುವಳು, ಮುಚ್ಚುವಳು.

"ಅಯ್ಯೋ ನನ್ನ ಕಂದಾ, ಹಸಿವಾ?" ಎಂದು ಹಾಲವ್ವ ಸಿಗಡಿ ಪುಡಿ ಉದುರಿಸುವಳು, ಎಮ್ಮೆಯ ಕಡೆ ಓಡುವಳು. ಬಂದು ನೋಡಿದರೆ ಮತ್ತೆ ಬಾಯಿ. ಮತ್ತೊಂದು ಚಿಟಿಕೆ. ಸಾಲದ್ದಕ್ಕೆ ಬಯಲುಗಿರಿಯಲ್ಲೊಂದು ಪದ್ಧತಿಯಿತ್ತು. ಕಷ್ಟದಲ್ಲಿರುವ ಮನೆಗೆ ಕೇರಿಯವರೆಲ್ಲ ಊಟ ತರಬೇಕು, ತಂದದ್ದನ್ನು ತಂದವರ ಕಣ್ಣೆದುರೇ ಬಡಿಸಬೇಕು. ಬಡಿಸದಿದ್ದರೆ ತಂದವರ ಮುಖಕ್ಕೆ ಹೊಡೆದಂತೆ. ಒಬ್ಬರು ಅಕ್ಕಿ ನುಚ್ಚು ತಂದರು, ಒಬ್ಬರು ಕೆರೆಹುಳ ತಂದರು, ಒಬ್ಬ ಅಜ್ಜಿಯಂತೂ ಹೋಳಿಗೆಯನ್ನೇ ತಂದಳು. ಹಾಲವ್ವ ಎಲ್ಲವನ್ನೂ ಬಡಿಸಿದಳು.

ನಾಲ್ಕನೆಯ ದಿನ ನೀರು ಮಬ್ಬಾಯಿತು. ಹವಳದ ಕಡ್ಡಿ ತಿಳಿನೀರಿನಲ್ಲಿ ಚಾಚಿದ್ದ ಕೂದಲಿನಂಥ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಬೋಳಾಯಿತು. ನಿಂಗಿ ತೊಟ್ಟಿಯ ತಳದಲ್ಲಿ ಒಂದು ಮಗ್ಗುಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು.

ಹಾಲವ್ವ ನೀರಿನ ಹತ್ತಿರ ಮೂಗು ತಂದಳು. ಕೊಳೆತ ಊಟದ ವಾಸನೆ. "ನಾನೇ ಕೊಲ್ತಿದೀನಿ" ಎಂದಳು, ಗಟ್ಟಿಯಾಗಿ. ಕೂಳನ್ನೆಲ್ಲ ಸೋಸಿ ತೆಗೆದಳು. ಅರ್ಧ ನೀರು ಚೆಲ್ಲಿ, ಗೋಲಿ ನೋಡಿ ಕದಡಿದ ಹೊಸ ನೀರು ಹಾಕಿದಳು. ದಿನಕ್ಕೆ ಒಂದೇ ಚಿಟಿಕೆ, ಅದಕ್ಕಿಂತ ಒಂದು ಕಾಳೂ ಇಲ್ಲ ಎಂದು ನಿರ್ಧರಿಸಿದಳು.

ಇದು ಬೂದಿಗಣ್ಣನಿಗೆ ಗೊತ್ತಾಯಿತು. ಅವನು ಸುಮ್ಮನಿರುತ್ತಾನೆಯೇ?

ಬೆಳಿಗ್ಗೆ ಒಬ್ಬ ಮುದುಕಿಯ ವೇಷದಲ್ಲಿ ಬೆಳ್ಳಿ ಬಟ್ಟಲು ಹಿಡಿದು ಬಂದ. "ದೂರದಿಂದ ತಂದಿದೀನಿ ಕಣಮ್ಮ, ಒಂದೇ ತುತ್ತು ಹಾಕು. ಇಲ್ಲದಿದ್ದರೆ ನನ್ನ ಮರ್ಯಾದೆ ಏನಾಗಬೇಕು?"

ಹಾಲವ್ವ ಹುಟ್ಟಿದಾರಭ್ಯ ಯಾರಿಗೂ ಬೇಡ ಅಂದವಳಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, "ಬೇಡ ಅಜ್ಜಿ, ತಪ್ಪು ತಿಳೀಬೇಡಿ" ಎಂದಳು. ಮುದುಕಿ ಶಾಪ ಹಾಕುತ್ತಾ ಹೋಯಿತು.

ಹೊತ್ತೇರಿದಾಗ ಅರಮನೆಯ ಅಧಿಕಾರಿಯ ವೇಷದಲ್ಲಿ ಚಿನ್ನದ ಬಟ್ಟಲು ತಂದ. "ಮಹಾರಾಜರ ಅಪ್ಪಣೆ! ನಮ್ಮೆದುರೇ ಬಡಿಸು!"

"ಮಹಾರಾಜರ ಮೀನುಗಳು ಈಗ ಎಲ್ಲಿವೆ ಸ್ವಾಮಿ?" ಎಂದು ಹಾಲವ್ವ ಕೇಳಿದಳು. ಅಧಿಕಾರಿ ಬಟ್ಟಲು ಎತ್ತಿಕೊಂಡು ಹೊರಟ.

ಇಳಿಹೊತ್ತಿನಲ್ಲಿ ಯಾರೂ ಬರಲಿಲ್ಲ. ನಿಂಗಿ ಗಾಜಿನ ಬಳಿ ಬಂದು ಬಾಯಿ ತೆಗೆದಳು. ತೊಟ್ಟಿಯ ಕಡೆಯಿಂದ ತಂಗಿಯದೇ ದನಿ ಕೇಳಿಸಿತು.

"ಅಕ್ಕಾ... ಹಸಿವು ಕಣಕ್ಕಾ... ಒಂದು ಕಾಳು ಹಾಕಕ್ಕಾ..."

ಬೂದಿಗಣ್ಣ ಕಿಟಕಿಯ ಹೊರಗೆ ಕುಕ್ಕರಗಾಲಿನಲ್ಲಿ ಕೂತು ಆ ದನಿ ತೆಗೆಯುತ್ತಿದ್ದ. ಅದು ಹಾಲವ್ವನಿಗೆ ಹೇಗೆ ಗೊತ್ತಾಗಬೇಕು? ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅವಳ ಕೈ ತಾನಾಗಿ ಸಿಗಡಿ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆಯಿತು. "ಅಕ್ಕಾ, ನನ್ನ ಮೇಲೆ ಅಷ್ಟೂ ಪ್ರೀತಿಯಿಲ್ವಾ?" ಎಂದಿತು ದನಿ. ಹಾಲವ್ವನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. "ಇದೆ ಕಣೇ. ಇರೋದಕ್ಕೇ ಹಾಕಲ್ಲ" ಎಂದು ಡಬ್ಬಿಯನ್ನು ಅಂಗಳಕ್ಕೆ ಎಸೆದಳು.

ಎಸೆದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಕೈ ಖಾಲಿ. ತಂಗಿಯನ್ನು ಬಿಟ್ಟು ಎಮ್ಮೆಯ ಕಡೆಗೆ ಹೋಗಲು ಮನಸ್ಸು ಬಾರದು. ಅವಳು ತೊಟ್ಟಿಯ ಪಕ್ಕ ನೆಲಕ್ಕೆ ಕುಳಿತಳು. ಗಾಜಿಗೆ ಅಂಗೈಯಿಟ್ಟಳು. ಪುಟ್ಟ ಮೀನು ಬಂದು ಆ ಅಂಗೈಯ ಎದುರು ನಿಂತಿತು. ಬಾಯಿ ತೆಗೆದು ಮುಚ್ಚುತ್ತಲೇ ಇತ್ತು, ಹಾಲವ್ವ ಕಣ್ಣು ಕೀಳದೆ ನೋಡುತ್ತಲೇ ಇದ್ದಳು. ಮರುದಿನವೂ ಲೆಕ್ಕದ ಒಂದೇ ಚಿಟಿಕೆ ಹಾಕಿ ಹಾಗೇ ಕುಳಿತಳು. ಅದರ ಮರುದಿನವೂ. ಕಿಟಕಿಯ ಹೊರಗೆ ಕೂಗಿ ಕೂಗಿ ಮಾಂತ್ರಿಕನ ಗಂಟಲು ಕಟ್ಟಿತು.

ಏಳನೆಯ ಮಧ್ಯಾಹ್ನ ಬೋಳು ಹವಳ ಒಂದೊಂದೇ ಎಳೆ ಹೊರಚಾಚಿತು. ಅದರ ತುದಿಯಲ್ಲಿ ಸಾಸಿವೆಯಷ್ಟು ದಪ್ಪದ ಬಿಳಿ ಮೊಗ್ಗೊಂದು ಮೂಡಿತು.

ತೊಟ್ಟಿಯಿಂದ ದಬದಬ ನೀರು ಉಕ್ಕಿತು. ಆ ನೀರಿನ ಜೊತೆಗೇ ನಿಂಗಿ, ಲಂಗ ಜಾಕೀಟು ತೊಟ್ಟ ನಮ್ಮ ನಿಂಗಿಯೇ, ಅಕ್ಕನ ಮಡಿಲಿಗೆ ಬಂದು ಬಿದ್ದಳು. ಕಿಟಕಿಯ ಹೊರಗೆ ಬೂದಿಗಣ್ಣನ ಗಡ್ಡ ಉದುರಿತು, ವಿದ್ಯೆ ಇಳಿಯಿತು. ನಿಂಗಿಯನ್ನು ಬಿಟ್ಟ ಮಂತ್ರ ಅವನಿಗೇ ತಗಲಿ, ಅವನು ಕುಗ್ಗಿ ಕುಗ್ಗಿ ಕಡಲೆಕಾಯಿಯಷ್ಟು ಪುಟ್ಟ ಕಡಲುಬಸವನಹುಳುವಾದ. ಅಕ್ಕತಂಗಿಯರು ಕೆಟ್ಟವರಲ್ಲ, ನೋಡಿ. ಅವನನ್ನೂ ಎತ್ತಿ ತೊಟ್ಟಿಗೆ ಹಾಕಿದರು. ಗಾಜಿನ ಪಾಚಿ ನೆಕ್ಕಿಕೊಂಡು ಅವನು ಅಲ್ಲೇ ಹಾಯಾಗಿ ಉಳಿದ.

ಹಾಲವ್ವ ತಂಗಿಯ ತಲೆ ಒರೆಸುತ್ತಾ ಬಿಕ್ಕಿಬಿಕ್ಕಿ ಅತ್ತಳು.

"ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ ಕಣೇ. ಅಷ್ಟು ದಿನ ಬಾಯಿ ತೆಗೆದು ತೆಗೆದು ಹಸಿವು ಅಂದೆ. ನಾನು ಒಂದು ಕಾಳೂ ಹೆಚ್ಚು ಹಾಕಲಿಲ್ಲ."

"ಹಸಿವಾ?" ನಿಂಗಿ ಕಣ್ಣರಳಿಸಿದಳು. "ನಾನೆಲ್ಲಿ ಹಸಿವು ಅಂದೆ? ಮಾತಾಡ್ತಿದ್ದೆ ಕಣಕ್ಕಾ! ಹಗಲೂ ಮಾತಾಡಿದೀನಿ, ಸಂಜೇನೂ ಮಾತಾಡಿದೀನಿ. ನೀನು ಪುಡಿ ಉದುರಿಸಿ ಓಡಿಬಿಡ್ತಿದ್ದೆ. ಈ ಏಳು ದಿನವೇ ನೀನು ಕೂತು ಕೇಳಿದ್ದು."

ಹಾಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗೊಂದು ಮಾತೂ ಕೇಳಿಸಲಿಲ್ಲ ಕಣೇ. ಮೊದಲಿಂದ ಹೇಳು."

ನಿಂಗಿ ಮೊದಲಿಂದ ಹೇಳಿದಳು. ಆಮೇಲೆ ಆ ಮನೆಯಲ್ಲಿ ಹವಳ ಕವಲೊಡೆದು ಹಬ್ಬಿತು, ಕಡಲು ಕಾಣದ ಊರಿನ ಜನವೆಲ್ಲ ಕಡಲು ನೋಡಲು ಬಂದರು, ಎಲ್ಲರೂ ನೂರು ಕಾಲ ನೆಮ್ಮದಿಯಾಗಿದ್ದರು. ಆದರೆ ಅವತ್ತು ಮಾತ್ರ, ಹಟ್ಟಿಯಲ್ಲಿ ಎಮ್ಮೆ ಎಷ್ಟು ಕೂಗಿದರೂ, ಹಾಲವ್ವ ಕೂತಲ್ಲಿಂದ ಏಳಲಿಲ್ಲ.